ಕೊಳಗವೂ ತಕ್ಕಡಿಯೂ

ಧಾನ್ಯವನ್ನಾಗಲಿ ಹಿಟ್ಟನ್ನಾಗಲಿ ಅಳೆಯುವುದು ಒಂದು, ತೂಗುವುದು ಮತ್ತೊಂದು. ಎರಡೂ ಒಂದೇ ಪದಾರ್ಥದ ಮೊತ್ತವನ್ನು ತಿಳಿಯುವ ಉಪಾಯಗಳೇ ಆದರೂ ಒಂದರಿಂದ ಮತ್ತೊಂದಕ್ಕೆ ಹೋಗುವ ದಾರಿಯು ತೋರುವಷ್ಟು ಸರಳವಾದುದಲ್ಲ. ಒಂದು ಸೇರು ಅಕ್ಕಿಯನ್ನು ಬೀಸಿದರೆ ಬಂದ ಹಿಟ್ಟು ಅದೇ ಸೇರಿನಲ್ಲಿ ಹಿಡಿಸದೆ ಹೊರಚೆಲ್ಲುತ್ತದೆ. ಅದೇ ಹಿಟ್ಟನ್ನು ತಕ್ಕಡಿಗೆ ಹಾಕಿದರೆ ಅಕ್ಕಿಯ ತೂಕಕ್ಕಿಂತ ಗುಲಗಂಜಿಯಷ್ಟೂ ಹೆಚ್ಚಿರದು. ಬೀಸುಕಲ್ಲಿಗೆ ಅಂಟಿದಷ್ಟು ಕಡಮೆಯೇ ಇದ್ದೀತು. ಇದು ಯಾವ ಗೃಹಿಣಿಗೂ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಆದರೆ ಇಷ್ಟು ಸಣ್ಣ ಸಂಗತಿಯ ಸುತ್ತಲೂ ಸುಮಾರು ಎರಡು ಸಾವಿರ ವರ್ಷಗಳಿಂದ ಅರಸರ ಬೊಕ್ಕಸ, ಗಣಿತಜ್ಞರ ಸೂತ್ರ, ವೈದ್ಯರ ಕಷಾಯ, ಒಕ್ಕಲಿಗನ ಕಣಜ ಎಲ್ಲವೂ ಸುತ್ತಿಕೊಂಡು ಬಂದಿರುವುದು ವಿಚಾರಾರ್ಹವಾಗಿದೆ.

ನಮ್ಮ ಪ್ರಾಚೀನರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೇಲಕ್ಕೆತ್ತಿ ತೂಗುವುದು ಉನ್ಮಾನ, ಎಲ್ಲ ಕಡೆಯಿಂದಲೂ ತುಂಬಿ ಅಳೆಯುವುದು ಪರಿಮಾಣ, ಉದ್ದವನ್ನು ಅಳೆಯುವುದು ಪ್ರಮಾಣ ಎಂಬ ವಿಭಾಗವು ಪತಂಜಲಿಯ ಮಹಾಭಾಷ್ಯದಲ್ಲಿಯೇ ಇದೆ. ಅಮರಸಿಂಹನು ಮಾನವನ್ನು ಹೇಳುವಾಗ ತುಲೆ, ಅಂಗುಲಿ, ಪ್ರಸ್ಥ ಎಂದು ಮೂರು ಸಾಧನಗಳನ್ನು ಒಟ್ಟಿಗೆ ಹೇಳುತ್ತಾನೆ. ಅಳತೆಗೆ ಅವನು ಕೊಡುವ ಪರ್ಯಾಯಪದಗಳಲ್ಲಿ 'ದ್ರುವಯ' ಎಂಬುದೊಂದು. ದ್ರು ಎಂದರೆ ಮರ. ಮರದಿಂದ ಮಾಡಿದ ಮಾಪಕವೇ ದ್ರುವಯ. ದ್ರೋಣವೆಂಬ ಹೆಸರಿಗೂ ಅದೇ ಮೂಲ. ಅಳೆಯುವ ಪಾತ್ರೆಯು ಮರದ್ದಾಗಿದ್ದಿತೆಂಬುದನ್ನು ಶಬ್ದವೇ ಕಾಪಾಡಿಕೊಂಡು ಬಂದಿದೆ. ಪಾಣಿನಿಯು ಬಿತ್ತುವ ಬೀಜದ ಪ್ರಮಾಣದಿಂದ ಹೊಲಕ್ಕೆ ಹೆಸರಿಡುವುದನ್ನು ಒಂದು ಸೂತ್ರದಲ್ಲಿ ವಿಧಿಸಿದ್ದಾನೆ: ಪ್ರಸ್ಥ ಬೀಜ ಬೀಳುವ ಹೊಲ ಪ್ರಾಸ್ಥಿಕ, ದ್ರೋಣ ಬೀಜ ಬೀಳುವ ಹೊಲ ದ್ರೌಣಿಕ. ಕನ್ನಡನಾಡಿನ ಶಾಸನಗಳಲ್ಲಿ ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಬೆದ್ದಲು ಎಂದು ದಾನದ ಭೂಮಿಯನ್ನು ಹೇಳಿರುವುದನ್ನು ಕಂಡವರಿಗೆ ಈ ಸೂತ್ರದ ಅರ್ಥವು ವ್ಯಾಖ್ಯಾನವಿಲ್ಲದೆಯೇ ಆಗುತ್ತದೆ.

ಅಳತೆಯನ್ನು ತೂಕಕ್ಕೆ ಕಟ್ಟಿಹಾಕುವ ಪ್ರಯತ್ನವು ಸ್ಪಷ್ಟವಾಗಿ ಕಾಣುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಬಹುಕಾಲ ಹೆಸರು ಮಾತ್ರ ಉಳಿದಿದ್ದ ಈ ಗ್ರಂಥದ ತಾಳೆಯೋಲೆಯ ಪ್ರತಿಯು ಮೈಸೂರಿನ ಪ್ರಾಚ್ಯಪುಸ್ತಕಭಂಡಾರಕ್ಕೆ ಬಂದು ಸೇರಿ, ೧೯೦೫ರಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅಚ್ಚಾಯಿತೆಂಬುದು ವಾಚಕರಿಗೆ ತಿಳಿದೇ ಇದೆ. ರಾಜನೀತಿಯ ಕುಟಿಲಮಾರ್ಗಗಳಿಗಾಗಿ ಅದನ್ನು ಓದುವವರು ಬಹಳ. ಅದರ ಎರಡನೆಯ ಅಧಿಕರಣದಲ್ಲಿ ಪೌತವಾಧ್ಯಕ್ಷ, ಎಂದರೆ ಅಳತೆತೂಕಗಳ ಅಧಿಕಾರಿ, ಮಾಡಬೇಕಾದ ಕೆಲಸಗಳ ಪ್ರಕರಣವನ್ನು ನಿಂತು ಓದುವವರು ಸ್ವಲ್ಪ. ಆ ಪ್ರಕರಣದಲ್ಲಿ ದ್ರೋಣವೆಂಬ ಧಾನ್ಯದ ಅಳತೆಯನ್ನು ಅಂಗುಲದಿಂದ ನಿರ್ಣಯಿಸಿಲ್ಲ. ಅದರಲ್ಲಿ ಹಿಡಿಸುವ ಉದ್ದಿನ ಕಾಳಿನ ತೂಕದಿಂದ ನಿರ್ಣಯಿಸಿದೆ. ಉದ್ದನ್ನೇ ಏಕೆ ಆರಿಸಿದರೆಂದು ಗ್ರಂಥದಲ್ಲಿ ಹೇಳಿಲ್ಲ. ಕಾಳು ಒಂದೇ ಗಾತ್ರದ್ದು, ನಯವಾದುದು, ಗಟ್ಟಿಯಾದುದು, ಸಂದಿಲ್ಲದೆ ಕೂಡುವಂಥದು ಎಂಬುದೇ ಕಾರಣವಿರಬಹುದು.

ಆದರೆ ದ್ರೋಣವು ಒಂದೇ ಅಲ್ಲ, ನಾಲ್ಕು. ಅರಮನೆಗೆ ಬರುವ ಆದಾಯವನ್ನು ಅಳೆಯುವ ದ್ರೋಣವು ೨೦೦ ಪಲ ಉದ್ದು ಹಿಡಿಯುವಂಥದು. ಪೇಟೆಯ ವ್ಯವಹಾರದ ದ್ರೋಣವು ೧೮೭½ ಪಲದ್ದು. ಆಳುಕಾಳುಗಳಿಗೆ ಅಳೆದು ಕೊಡುವ ದ್ರೋಣವು ೧೭೫ ಪಲದ್ದು. ಅಂತಃಪುರಕ್ಕೆ ಅಳೆದು ಕೊಡುವುದು ೧೬೨½ ಪಲದ್ದು. ತಕ್ಕಡಿಗಳ ವಿಷಯದಲ್ಲಿಯೂ ಇಂತಹುದೇ ಇಳಿತರದ ವಿಧಿಯುಂಟು. ಇದರ ಫಲವೇನೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಕ್ಕಲಿಗರಿಂದ ಆದಾಯದ ದ್ರೋಣದಲ್ಲಿ ಅಳೆದು ತಂದ ೧೦೦ ದ್ರೋಣ ಧಾನ್ಯವನ್ನು ಕೊಡುವ ದ್ರೋಣದಲ್ಲಿ ಅಳೆದರೆ ೧೧೪ ದ್ರೋಣಕ್ಕೆ ಮಿಕ್ಕುತ್ತದೆ. ಅಂತಃಪುರದ ದ್ರೋಣದಲ್ಲಿ ಅಳೆದರೆ ೧೨೩ಕ್ಕೂ ಮಿಕ್ಕುತ್ತದೆ. ಒಂದು ಕಾಳು ಬೆಳೆಯದೆ, ಒಂದು ಕಾಳು ಕದಿಯದೆ, ಉಗ್ರಾಣದಲ್ಲಿ ಧಾನ್ಯವು ಹೆಚ್ಚಿತು! ಒಣಗುವಿಕೆ, ಇಲಿ, ಹುಳು ಇವುಗಳ ನಷ್ಟವನ್ನು ತುಂಬಿಕೊಳ್ಳಲು ಈ ಏರ್ಪಾಡು ಇದ್ದಿತೆಂದು ಸಮಾಧಾನ ಹೇಳಬಹುದು. ಅದರಲ್ಲಿ ಸ್ವಲ್ಪ ಸತ್ಯವೂ ಇರಬಹುದು. ಆದರೆ ಎಂಟನೆಯ ಒಂದು ಪಾಲನ್ನು ತಿನ್ನುವ ಇಲಿಗಳಿದ್ದ ಉಗ್ರಾಣಕ್ಕೆ ಬೇಕಾದುದು ಬೇರೆಯ ದ್ರೋಣವಲ್ಲ, ಬೇರೆಯ ಅಧಿಕಾರಿ.

ಇಷ್ಟಾದರೂ ಕೌಟಿಲ್ಯನ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಅವನು ಇದನ್ನು ಮುಚ್ಚಿಡಲಿಲ್ಲ. ನಾಲ್ಕು ದ್ರೋಣಗಳ ತೂಕವನ್ನೂ ಬರೆದಿಟ್ಟನು. ಮಾಪಕವು ಒಣಗಿದ ಗಟ್ಟಿಮರದ್ದಾಗಿರಬೇಕು, ಶಿಖೆಯು, ಎಂದರೆ ಬಾಯಿಯ ಮೇಲೆ ಗೋಪುರದಂತೆ ನಿಲ್ಲುವ ರಾಶಿಯು, ಕಾಲುಭಾಗವಿರಬೇಕು, ಇಲ್ಲವೆ ಶಿಖೆಯು ಮಾಪಕದೊಳಗೇ ಅಡಗುವಂತೆ ಮಾಡಬೇಕು ಎಂದು ವಿಧಿಸಿದನು. ರಸಪದಾರ್ಥಗಳಿಗೆ ಶಿಖೆ ನಿಲ್ಲದು. ಹೂವು, ಹಣ್ಣು, ಹೊಟ್ಟು, ಇದ್ದಿಲು ಮೊದಲಾದುವಕ್ಕೆ ಶಿಖೆಯ ಲೆಕ್ಕವೇ ಬೇರೆ. ನಾಲ್ಕು ತಿಂಗಳಿಗೊಮ್ಮೆ ಮಾಪಕಗಳಿಗೆ ಮುದ್ರೆ ಬೀಳಬೇಕು. ಮುದ್ರೆಯಿಲ್ಲದ ಮಾಪಕವನ್ನಿಟ್ಟವನಿಗೆ ೨೭¼ ಪಣ ದಂಡ. ಕೋಷ್ಠಾಗಾರದ ಅಧ್ಯಕ್ಷನಿಗೂ ಒಂದು ಒಳ್ಳೆಯ ಕೆಲಸವನ್ನು ಹೇಳಿದ್ದಾನೆ: ಕುಟ್ಟಿದ, ಬೀಸಿದ, ಹುರಿದ, ನೆನೆದ, ಒಣಗಿದ, ಬೆಂದ ಧಾನ್ಯಗಳು ಎಷ್ಟೆಷ್ಟು ಹೆಚ್ಚುತ್ತವೆ, ಎಷ್ಟೆಷ್ಟು ಕುಗ್ಗುತ್ತವೆ ಎಂಬುದನ್ನು ಅವನು ತಾನೇ ಕಣ್ಣಾರೆ ಕಂಡು ತಿಳಿಯಬೇಕು. ಹಾರಕವನ್ನೂ ಬತ್ತವನ್ನೂ ಕುಟ್ಟಿದರೆ ಅರ್ಧಭಾಗ ಸಾರವು ಉಳಿಯುವುದೆಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ಅಡುಗೆಮನೆಯ ವಿದ್ಯೆಯು ರಾಜ್ಯಶಾಸ್ತ್ರದೊಳಗೆ ಇಷ್ಟು ಗೌರವದಿಂದ ಕುಳಿತಿರುವುದು ಅಪರೂಪ.

ಕಾಲುಭಾಗದ ಶಿಖೆ ಎಂಬ ಮಾತು ಸುಲಭವಾಗಿ ಕಂಡರೂ ಅದರಲ್ಲಿ ಕಷ್ಟವಿದೆ. ಶಿಖೆಯ ಗಾತ್ರವು ಧಾನ್ಯವನ್ನೂ ಮಾಪಕದ ಬಾಯಿಯನ್ನೂ ಅವಲಂಬಿಸುತ್ತದೆ. ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಲೀಲಾವತೀಭಾಗದಲ್ಲಿ ರಾಶಿವ್ಯವಹಾರವೆಂಬ ಪ್ರಕರಣವನ್ನೇ ಇದಕ್ಕಾಗಿ ಮೀಸಲಿಟ್ಟಿದ್ದಾನೆ. ಉದ್ದ, ಅಗಲ, ಆಳ ಮೂರೂ ಒಂದೊಂದು ಹಸ್ತವಿರುವ ಪಾತ್ರೆಯು ಮಾಗಧ ಖಾರಿ. ಅದರ ೧೬ನೆಯ ಒಂದು ಪಾಲು ದ್ರೋಣ, ಅಲ್ಲಿಂದ ನಾಲ್ಕುನಾಲ್ಕರಲ್ಲಿ ಒಂದೊಂದು ಪಾಲಾಗಿ ಆಢಕ, ಪ್ರಸ್ಥ, ಕುಡವ. ಕಣದಲ್ಲಿ ನೆಲದ ಮೇಲೆ ಸುರಿದ ರಾಶಿಯು ಸುತ್ತಳತೆಯ ಹತ್ತನೆಯ ಒಂದು ಪಾಲಿನಷ್ಟು ಎತ್ತರ ನಿಲ್ಲುವುದು ದಪ್ಪ ಧಾನ್ಯದಲ್ಲಿ. ಸಣ್ಣ ಧಾನ್ಯವು ಹನ್ನೊಂದನೆಯ ಒಂದು ಪಾಲಿಗೇ ಜಾರುತ್ತದೆ. ಮುಳ್ಳುಳ್ಳ ಧಾನ್ಯವು ಒಂದಕ್ಕೊಂದು ಹೆಣೆದುಕೊಂಡು ಒಂಬತ್ತನೆಯ ಒಂದು ಪಾಲಿನವರೆಗೆ ಏರುತ್ತದೆ. ಸುತ್ತಳತೆಯ ಆರನೆಯ ಪಾಲನ್ನು ವರ್ಗಮಾಡಿ ಎತ್ತರದಿಂದ ಗುಣಿಸಿದರೆ ರಾಶಿಯ ಖಾರಿಗಳು ಬರುತ್ತವೆ. ೬೦ ಹಸ್ತ ಸುತ್ತಳತೆಯ ದಪ್ಪ ಧಾನ್ಯದ ರಾಶಿಯಲ್ಲಿ ೬೦೦ ಖಾರಿ. ಸಣ್ಣ ಧಾನ್ಯವಾದರೆ ೫೪೫ಕ್ಕೆ ಸ್ವಲ್ಪ ಮೇಲು. ಮುಳ್ಳುಳ್ಳದ್ದಾದರೆ ೬೬೬ಕ್ಕೂ ಮಿಕ್ಕು. ವೃತ್ತದ ಪರಿಧಿಯು ವ್ಯಾಸದ ಮೂರರಷ್ಟೆಂಬ ಸ್ಥೂಲಗಣನೆಯಿಂದ ಹೊರಟ ಸೂತ್ರವಾದುದರಿಂದ ಇದು ನಿಜಕ್ಕಿಂತ ನೂರಕ್ಕೆ ನಾಲ್ಕೈದು ಪಾಲು ಹೆಚ್ಚನ್ನು ತೋರಿಸುತ್ತದೆ. ಸೂಕ್ಷ್ಮಪರಿಧಿಯನ್ನು ಬಲ್ಲ ಭಾಸ್ಕರನು ಕಣದ ವ್ಯವಹಾರಕ್ಕೆ ಇಷ್ಟು ಸಾಕೆಂದು ಬಿಟ್ಟಿರಬೇಕು. ಅವನಿಗಿಂತ ಮೊದಲೇ, ನೃಪತುಂಗನ ಕಾಲದಲ್ಲಿ ಕನ್ನಡನಾಡಿನಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಆರಂಭದಲ್ಲಿಯೇ ಧಾನ್ಯದ ಪರಿಭಾಷೆಯನ್ನು ಹೇಳಿ ಮುಂದಕ್ಕೆ ಹೋಗಿದ್ದನು.

ಈ ಸೂತ್ರದಿಂದಲೇ ಮತ್ತೊಂದು ಸಂಗತಿಯು ಹೊರಡುತ್ತದೆ. ಶಿಖೆಯ ಎತ್ತರವು ಬಾಯಿಯ ಅಗಲದೊಡನೆ ಬೆಳೆಯುವುದರಿಂದ, ಬಾಯಿಯು ಎರಡರಷ್ಟು ಅಗಲವಾದರೆ ಶಿಖೆಯು ಎಂಟರಷ್ಟಾಗುತ್ತದೆ. ಬಾಯಿಮಟ್ಟಕ್ಕೆ ಸರಿಯಾಗಿ ಒಂದೇ ಪ್ರಮಾಣ ಹಿಡಿಯುವ ಎರಡು ಕೊಳಗಗಳಲ್ಲಿ, ಒಂದು ಎತ್ತರವಾಗಿ ಕಿರಿದಾದ ಬಾಯಿಯುಳ್ಳದ್ದು, ಮತ್ತೊಂದು ತಗ್ಗಾಗಿ ಅಗಲವಾದ ಬಾಯಿಯುಳ್ಳದ್ದು ಆಗಿದ್ದರೆ, ಶಿಖೆಯಿಟ್ಟು ಅಳೆಯುವಾಗ ಅವೆರಡೂ ಒಂದೇ ಅಲ್ಲ. ಸಾಲ ಕೊಡುವಾಗ ಬಾಯಿಗೆ ಸರಿಯಾಗಿ ಕೋಲಿನಿಂದ ಸವರಿ ಕೊಟ್ಟು, ಸುಗ್ಗಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುವಾಗ ಅಗಲಬಾಯಿಯ ಕೊಳಗದಲ್ಲಿ ಶಿಖೆಯಿಟ್ಟು ಅಳೆದುಕೊಂಡರೆ, ಕಾಗದದಲ್ಲಿ ಬರೆದ ಬಡ್ಡಿಯ ಮೇಲೆ ಬರೆಯದ ಬಡ್ಡಿಯೊಂದು ಸೇರುತ್ತದೆ. ಎತ್ತರದಿಂದ ಸುರಿದರೆ ಕಾಳು ಒತ್ತಾಗಿ ಕೂಡುತ್ತದೆ. ಮೆಲ್ಲಗೆ ಜಾರಿಸಿದರೆ ಸಡಿಲವಾಗಿ ನಿಲ್ಲುತ್ತದೆ. ಕೊಳಗವನ್ನು ಒಮ್ಮೆ ಕುಲುಕಿದರೂ ಸಾಕು. ಆದುದರಿಂದ ಅಳೆಯುವವನ ಕೈಯು ಅಳತೆಯ ಒಂದು ಭಾಗವೇ ಆಗಿದ್ದಿತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಕೊಳಗವನ್ನು ಒಂದೆನ್ನದೆ 'ಲಾಭ'ವೆಂದು ಎಣಿಸುವ ಮಂಗಳವಾದ ರೂಢಿಯು ನಮ್ಮಲ್ಲಿದೆ. ಆ ಲಾಭವು ಯಾರದಾಗುವುದೆಂಬುದನ್ನು ಕೊಳಗವನ್ನು ಹಿಡಿದವನು ನಿರ್ಣಯಿಸುತ್ತಿದ್ದನು.

ವೈದ್ಯರಲ್ಲಿ ಈ ತೊಡಕು ಬೇರೆಯ ರೂಪದಲ್ಲಿ ಬಂದಿತು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಮಾನಗಳನ್ನು ಹೇಳಿ, ಇವು ಒಣದ್ರವ್ಯಗಳಿಗೆ. ದ್ರವಗಳಿಗೂ ಆಗತಾನೆ ಕಿತ್ತ ಹಸಿಯ ದ್ರವ್ಯಗಳಿಗೂ ಇದರ ಇಮ್ಮಡಿ ಎಂದು ವಿಧಿಸಿದೆ. ಶಾರ್ಙ್ಗಧರನು ಕುಡವವೆಂದರೆ ನಾಲ್ಕಂಗುಲ ಅಗಲ, ನಾಲ್ಕಂಗುಲ ಎತ್ತರದ ಪಾತ್ರೆಯೆಂದು ಹೇಳಿ, ಅದನ್ನೇ ನಾಲ್ಕು ಪಲದ ತೂಕವೆಂದೂ ಎಣಿಸುತ್ತಾನೆ. ಒಂದೇ ಹೆಸರು ಪಾತ್ರೆಗೂ ತೂಕಕ್ಕೂ! ಒಣಗಿದ ಪುಡಿಯು ತುಂಬಿದ ಪಾತ್ರೆಗಿಂತ ನೀರು ತುಂಬಿದ ಅದೇ ಪಾತ್ರೆಯು ಹೆಚ್ಚುಕಡಮೆ ಎರಡರಷ್ಟು ತೂಗುವುದರಿಂದ ಇಮ್ಮಡಿಯ ನಿಯಮವು ಹುಟ್ಟಿತೆಂದು ಊಹಿಸುವುದು ಅಸಂಗತವಾಗದು. ಪುಡಿಯ ಒಂದು ಪಾತ್ರೆಗೂ ನೀರಿನ ಒಂದು ಪಾತ್ರೆಗೂ ಹೆಸರು ಒಂದೇ ಆಗಿ ಉಳಿಯಬೇಕಾದರೆ ತೂಕವನ್ನು ಇಮ್ಮಡಿಸಲೇಬೇಕು.

ಕನ್ನಡನಾಡಿನ ಮಾಪಕಗಳ ಹೆಸರುಗಳು ಶಾಸನಗಳಲ್ಲಿ ಹೇರಳವಾಗಿವೆ: ಖಂಡುಗ, ಕೊಳಗ, ಬಳ್ಳ, ಮಾನ, ಸೊಲ್ಲಗೆ. ಖಂಡುಗಕ್ಕೆ ೨೦ ಕೊಳಗವೆಂಬುದು ಬಹುಮಟ್ಟಿಗೆ ಸ್ಥಿರವಾದುದು. ಕೊಳಗಕ್ಕೆ ಎಷ್ಟು ಸೇರೆಂಬುದು ಮಾತ್ರ ಊರಿಂದೂರಿಗೆ ಬೇರೆ. ಟಿಪ್ಪುವಿನ ಪತನವಾದ ಮರುವರ್ಷ, ೧೮೦೦ರಲ್ಲಿ, ಕಂಪನಿಯ ಆಜ್ಞೆಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚಾರಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಹೋದ ಹೋದ ಸ್ಥಳಗಳ ಅಳತೆತೂಕಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಬೇಕಾಯಿತು. ೧೮೦೭ರಲ್ಲಿ ಅಚ್ಚಾದ ಅವನ ಗ್ರಂಥವನ್ನು ಓದುವವರಿಗೆ ಈ ಪಟ್ಟಿಗಳು ಬೇಸರ ತರುತ್ತವೆ. ಆದರೆ ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ರಾಗಿಯನ್ನು ಹೇರಿನ ಎತ್ತಿನ ಮೇಲೆ ಸಾಗಿಸಿ ಮಾರುತ್ತಿದ್ದವನಿಗೆ ಅವೇ ಜೀವನವಾಗಿದ್ದುವು.

ಸೇರು ಎಂಬ ಮಾತಿನಲ್ಲಿಯೇ ಎರಡು ಅರ್ಥಗಳಿದ್ದುವು. ತೂಕದ ಕಚ್ಚಾ ಸೇರು ೨೪ ತೊಲ, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು ೨೮೦ ಗ್ರಾಂ. ಅಂತಹ ೪೦ ಸೇರಿಗೆ ಒಂದು ಮಣ, ಸುಮಾರು ೧೧ ಕಿಲೋಗ್ರಾಂ. ಬೆಲ್ಲ, ಹುಣಿಸೆಹಣ್ಣು, ಮೆಣಸಿನಕಾಯಿಗಳು ಇದರಲ್ಲಿ ಬರುತ್ತಿದ್ದುವು. ಅಕ್ಕಿ, ರಾಗಿ, ಬೇಳೆಗಳು ಬರುತ್ತಿದ್ದುದು ಅಳತೆಯ ಪಕ್ಕಾ ಸೇರಿನಲ್ಲಿ. ಅದರ ಅರ್ಧ ಅಚ್ಚೇರು, ಕಾಲು ಪಾವು, ಅದರ ಅರ್ಧ ಅರೆಪಾವು, ಮತ್ತೂ ಅರ್ಧ ಚಟಾಕು. ಉತ್ತರದೇಶದ ಸರಕಾರೀ ಮಣವಾದರೋ ೮೦ ತೊಲದ ೪೦ ಸೇರು, ೩೭ ಕಿಲೋಗ್ರಾಮಿಗೂ ಮಿಕ್ಕದ್ದು. ಒಂದೇ ಹೆಸರಿನ ಮಣವು ಒಂದು ಕಡೆಗಿಂತ ಮತ್ತೊಂದು ಕಡೆಯಲ್ಲಿ ಮೂರರಷ್ಟಕ್ಕಿಂತಲೂ ಹೆಚ್ಚಾಗಿದ್ದರೆ ವರ್ತಮಾನಪತ್ರಿಕೆಯಲ್ಲಿ ಧಾರಣೆಯನ್ನು ಓದಿದವನು ಏನೆಂದು ತಿಳಿಯಬೇಕು?

ಅಳತೆಯ ಸೇರನ್ನು ತೂಕಕ್ಕೆ ಹೊಂದಿಸಲು ದಕ್ಷಿಣದಲ್ಲಿ ಬಳಕೆಯಲ್ಲಿದ್ದ ಒಂದು ಉಪಾಯವನ್ನು ಹತ್ತೊಂಬತ್ತನೆಯ ಶತಮಾನದ ಆಂಗ್ಲ ಅಧಿಕಾರಿಗಳು ಆಶ್ಚರ್ಯದಿಂದ ಬರೆದಿಟ್ಟಿದ್ದಾರೆ. ಒಂಬತ್ತು ಬಗೆಯ ಧಾನ್ಯಗಳನ್ನು ಸಮಸಮವಾಗಿ ಬೆರೆಸಿ, ಇಷ್ಟು ರೂಪಾಯಿಗಳ ತೂಕವೆಂದು ಗೊತ್ತುಮಾಡಿ ತೂಗಿ, ಆ ಮಿಶ್ರಣವು ಹಿಡಿಸುವ ಪಾತ್ರೆಯನ್ನೇ ಸೇರೆಂದು ನಿಶ್ಚಯಿಸುತ್ತಿದ್ದರು. ಗ್ರಹಪೂಜೆಗೆಂದು ನವಧಾನ್ಯವನ್ನು ಬಲ್ಲ ಜನರಿಗೆ ಇದು ಸಹಜವಾಗಿ ಹೊಳೆದಿರಬೇಕು. ಉಪಾಯವೇನೋ ಜಾಣತನದ್ದು. ಒಂದೊಂದು ಧಾನ್ಯವು ಒಂದೊಂದು ರೀತಿಯಾಗಿ ತೂಗುವಾಗ ಎಲ್ಲದರ ನಡುವಣ ತೂಕವನ್ನು ಹಿಡಿಯುವುದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸಂತೆಯಲ್ಲಿ ನವಧಾನ್ಯವನ್ನು ಬೆರೆಸಿ ಕೊಳ್ಳುವವರು ಯಾರೂ ಇಲ್ಲ. ಹೊಟ್ಟಿನ ಕವಚವುಳ್ಳ ಬತ್ತವು ಅದೇ ಸೇರಿನಲ್ಲಿ ಉದ್ದಿನ ಸುಮಾರು ಮುಕ್ಕಾಲು ಪಾಲು ಮಾತ್ರ ತೂಗುತ್ತದೆ. ಅವಲಕ್ಕಿ, ಮಂಡಕ್ಕಿಗಳ ಮಾತು ಹಾಗಿರಲಿ. ನಡುವಣ ತೂಕವು ಎಲ್ಲರಿಗೂ ನ್ಯಾಯವಾಗಿ, ಯಾರೊಬ್ಬರಿಗೂ ಸರಿಯಾಗಲಿಲ್ಲ.

ಯೂರೋಪಿನಲ್ಲಿ ಈ ಲೆಕ್ಕವು ರೊಟ್ಟಿಯ ಅಂಗಡಿಯಲ್ಲಿ ನಿಂತಿತು. ಇಂಗ್ಲೆಂಡಿನಲ್ಲಿ ಮೂರನೆಯ ಹೆನ್ರಿಯ ಕಾಲದಲ್ಲಿ, ೧೨೬೬ರ ಸುಮಾರಿನಲ್ಲಿ, ಬ್ರೆಡ್ಡಿನ ಕಟ್ಟಳೆಯೊಂದು ಹೊರಟಿತು. ಗೋಧಿಯು ಅಳತೆಯಲ್ಲಿ ಬರುವುದು, ಬ್ರೆಡ್ಡು ಬಿಕರಿಯಾಗುವುದು ಕಾಸಿನ ಲೆಕ್ಕದಲ್ಲಿ. ಬ್ರೆಡ್ಡಿನ ಬೆಲೆ ಎಂದೂ ಒಂದೇ. ಗೋಧಿಯ ಧಾರಣೆ ಏರಿದರೆ ಬ್ರೆಡ್ಡಿನ ತೂಕ ಇಳಿಯಬೇಕು, ಧಾರಣೆ ಇಳಿದರೆ ತೂಕ ಏರಬೇಕು. ತೂಕ ತಪ್ಪಿಸಿದ ರೊಟ್ಟಿಗಾರನಿಗೆ ದಂಡವೂ, ಅದಕ್ಕೂ ಬಗ್ಗದಿದ್ದರೆ ಊರ ನಡುವೆ ಕಟ್ಟಿನಲ್ಲಿ ನಿಲ್ಲಿಸುವ ಅಪಮಾನವೂ ಕಾದಿದ್ದುವು. ಬಡವನ ಕೈಯಲ್ಲಿದ್ದ ಕಾಸು ಅದೇ, ಹೊಟ್ಟೆಗೆ ಬಿದ್ದುದು ಮಾತ್ರ ಕಡಮೆ. ಲಂಡನಿನಲ್ಲಿ ಈ ಕಟ್ಟಳೆಯು ೧೮೧೫ರವರೆಗೂ, ಉಳಿದೆಡೆ ೧೮೩೬ರವರೆಗೂ ನಡೆದು ಬಂದು, ಬ್ರೆಡ್ಡನ್ನು ತೂಗಿಯೇ ಮಾರತಕ್ಕದ್ದೆಂಬ ವಿಧಿಯು ಅದರ ಸ್ಥಾನಕ್ಕೆ ಬಂದಿತು. ಶಿಖೆಯಿಟ್ಟು ಅಳೆಯುವ ಪದ್ಧತಿಯನ್ನೇ ಅಲ್ಲಿ ಶಾಸನದಿಂದ ನಿಲ್ಲಿಸಿದುದು ೧೮೩೫ರಲ್ಲಿ. ಕಲ್ಲಿದ್ದಲೂ ಆಗಲೇ ತಕ್ಕಡಿಗೆ ಏರಿತು. ಫ್ರಾನ್ಸಿನಲ್ಲಿ ೧೭೮೯ರ ಮಹಾಕ್ರಾಂತಿಯ ಹೊಸ್ತಿಲಲ್ಲಿ ಗ್ರಾಮಗ್ರಾಮಗಳಿಂದ ಬಂದ ಅಹವಾಲುಗಳಲ್ಲಿ ಜಹಗೀರ್ದಾರರ ಅಳತೆಯ ಮೇಲಣ ದೂರು ಮತ್ತೆ ಮತ್ತೆ ಕಾಣುತ್ತದೆ: ಒಡೆಯನ ಮಾಪಕವು ಅಜ್ಜನ ಕಾಲದ್ದಕ್ಕಿಂತ ದೊಡ್ಡದಾಗಿದೆ, ಶಿಖೆ ಎತ್ತರವಾಗಿದೆ, ದೇಶಕ್ಕೆಲ್ಲ ಒಂದೇ ಅಳತೆಯಿರಲಿ ಎಂಬುದು. ೧೭೯೫ರಲ್ಲಿ ಅಲ್ಲಿಯೇ ಲೀಟರು, ಗ್ರಾಮುಗಳು ಶಾಸನಬದ್ಧವಾದುವು. ಪಾತ್ರೆಗೂ ತೂಕಕ್ಕೂ ನಡುವೆ ನೀರನ್ನೇ ಸಾಕ್ಷಿಯಾಗಿ ನಿಲ್ಲಿಸಿದರು. ಒಂದು ಲೀಟರು ನೀರು ಒಂದು ಕಿಲೋಗ್ರಾಂ. ನೀರಿಗೆ ಶಿಖೆಯಿಲ್ಲ, ಕುಲುಕಿದರೆ ಕುಗ್ಗದು, ಯಾರ ಕೈ ಸುರಿದರೂ ಅಷ್ಟೇ.

ಅಮೆರಿಕದವರು ಮತ್ತೊಂದು ದಾರಿ ಹಿಡಿದರು. ಬುಷೆಲ್ ಎಂಬ ಪಾತ್ರೆಯ ಹೆಸರನ್ನು ಬಿಡದೆ, ಗೋಧಿಯ ಬುಷೆಲ್ ೬೦ ಪೌಂಡು, ಮೆಕ್ಕೆಜೋಳದ್ದು ೫೬, ಬಾರ್ಲಿಯದು ೪೮, ಓಟ್ಸಿನದು ೩೨ ಎಂದು ಧಾನ್ಯಕ್ಕೊಂದರಂತೆ ತೂಕವನ್ನು ಗೊತ್ತುಮಾಡಿದರು. ಇಂದಿಗೂ ಷಿಕಾಗೋ ಪೇಟೆಯಲ್ಲಿ ಧಾರಣೆಯನ್ನು ಹೇಳುವುದು ಬುಷೆಲ್ಲಿನಲ್ಲಿಯೇ. ಆದರೆ ಆ ಪಾತ್ರೆಯಲ್ಲಿ ಯಾರೂ ಅಳೆಯುವುದಿಲ್ಲ. ನವಧಾನ್ಯದ ಸೇರಿನವರು ಬೆರೆಸಿ ಮರೆಸಿದ್ದನ್ನು ಇವರು ಬೇರ್ಪಡಿಸಿ ಬರೆದರು.

ಹೀಗೆ ವ್ಯಾಪಾರದಲ್ಲಿ ತಕ್ಕಡಿ ಗೆದ್ದ ದೇಶದಲ್ಲಿಯೇ ಅಡುಗೆಮನೆಯು ಬಟ್ಟಲನ್ನು ಬಿಡಲಿಲ್ಲವೆಂಬುದು ವಿಚಿತ್ರ. ಬಾಸ್ಟನ್ ನಗರದ ಪಾಕಶಾಲೆಯ ಮುಖ್ಯಸ್ಥೆಯಾಗಿದ್ದ ಫ್ಯಾನಿ ಮೆರಿಟ್ ಫಾರ್ಮರ್ ಎಂಬಾಕೆಯು ೧೮೯೬ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ, ಬಟ್ಟಲನ್ನೂ ಚಮಚೆಯನ್ನೂ ತುಂಬಿ ಚಾಕುವಿನಿಂದ ಬಾಯಿಮಟ್ಟಕ್ಕೆ ಸವರಿಯೇ ಅಳೆಯಬೇಕೆಂದು ನಿರ್ಬಂಧಿಸಿದಳು. ಕೋಲಿನ ಬದಲು ಚಾಕು, ಕೊಳಗದ ಬದಲು ಬಟ್ಟಲು. ಶಿಖೆಯ ಜಗಳವು ಕಣದಿಂದ ಒಲೆಯ ಬಳಿಗೆ ಬಂದಿತು. ಆಕೆಯ ನಿಯಮದಿಂದ ಬಹಳ ಉಪಕಾರವಾಯಿತು. ಆದರೆ ಚಾಕು ಶಿಖೆಯನ್ನು ಕತ್ತರಿಸಬಲ್ಲುದೇ ಹೊರತು ಬಟ್ಟಲಿನೊಳಗಿನ ಒತ್ತನ್ನು ಸಡಿಲಿಸಲಾರದು. ಸುಮಾರು ೨೩೬ ಮಿಲಿಲೀಟರಿನ ಆ ಬಟ್ಟಲಿಗೆ ಜರಡಿಯಾಡಿಸಿದ ಮೈದಾಹಿಟ್ಟನ್ನು ಚಮಚೆಯಿಂದ ಮೆಲ್ಲಗೆ ತುಂಬಿದರೆ ೧೨೦ ಗ್ರಾಂ ಹಿಡಿಸೀತು. ಬಟ್ಟಲನ್ನೇ ಹಿಟ್ಟಿನ ಡಬ್ಬದಲ್ಲಿ ಅದ್ದಿ ತುಂಬಿ ಸವರಿದರೆ ೧೫೦ ಗ್ರಾಮಿನವರೆಗೂ ಹೋದೀತು. ಸಕ್ಕರೆಯಾದರೆ ೨೦೦ ಗ್ರಾಂ, ನೀರಾದರೆ ೨೩೬. ನೀರಿಗೂ ಒಣಹಿಟ್ಟಿಗೂ ಇರುವ ಈ ಇಮ್ಮಡಿಯ ಸಂಬಂಧವು ಚರಕದ ನಿಯಮವನ್ನು ನೆನಪಿಗೆ ತರುತ್ತದೆ. ಮೆಲ್ಲಗೆ ತುಂಬಿದ ಬಟ್ಟಲಿಗೂ ಅದ್ದಿ ತುಂಬಿದ ಬಟ್ಟಲಿಗೂ ಇರುವ ಅಂತರವು ಸರಿಯಾಗಿ ಕಾಲುಭಾಗ, ಕೌಟಿಲ್ಯನ ಶಿಖೆಯಷ್ಟು. ಕೇಕಿಗೆ ಅಷ್ಟು ಹಿಟ್ಟು ಹೆಚ್ಚಾದರೆ ಅದು ಒಲೆಯಿಂದ ಹೊರಬರುವಾಗ ಒಣಗಿ ಬಿರಿದಿರುತ್ತದೆ. ಮಾಡಿದವಳು ಒಲೆಯನ್ನು ದೂರುತ್ತಾಳೆ.

ನಮ್ಮ ದೇಶದಲ್ಲಿ ೧೯೩೯ರ ಶಾಸನವು ತೊಲಕ್ಕೆ ೧೮೦ ಗ್ರೇನ್, ಸೇರಿಗೆ ೮೦ ತೊಲವೆಂದು ತೂಕವನ್ನು ಏಕರೂಪಗೊಳಿಸಲು ಯತ್ನಿಸಿತು. ೧೯೫೬ರ ಶಾಸನದಂತೆ ಅಕ್ಟೋಬರ್ ೧೯೫೮ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂದಿತು. ಕಿರಾಣಿ ಅಂಗಡಿಗಳಲ್ಲಿ ಪಾವುಸೇರುಗಳು ಮೂಲೆಗೆ ಸೇರಿ, ಅಕ್ಕಿಬೇಳೆಗಳು ತಕ್ಕಡಿಗೆ ಏರಿದುವು. ಮನೆಯೊಳಗೆ ಮಾತ್ರ ಪಾವು ಉಳಿಯಿತು. ಅನ್ನಕ್ಕೆ ಪಾವು ಅಕ್ಕಿ, ಎರಡು ಪಾವು ನೀರು ಎಂಬ ಲೆಕ್ಕದಲ್ಲಿ ಅಕ್ಕಿಗೂ ನೀರಿಗೂ ಪಾತ್ರೆಯೊಂದೇ ಆದುದರಿಂದ ಪಾವು ದೊಡ್ಡದಾಗಲಿ ಚಿಕ್ಕದಾಗಲಿ ಅನ್ನ ಕೆಡದು. ಈಚೆಗೆ ಮೈದಾ, ಬೆಣ್ಣೆ, ಸಕ್ಕರೆಗಳನ್ನು ಬೆರೆಸಿ ಮನೆಯಲ್ಲಿಯೇ ಕೇಕು ಬಿಸ್ಕತ್ತುಗಳನ್ನು ಸುಡುವವರು ಹೆಚ್ಚಿ, ಹಿಟ್ಟನ್ನು ಒಂದೊಂದು ಗ್ರಾಮಿನವರೆಗೂ ತೋರಿಸುವ ಪುಟ್ಟ ತಕ್ಕಡಿಗಳು ಅಡುಗೆಮನೆಯ ಕಟ್ಟೆಯನ್ನು ಸೇರಿವೆ.

ಆದರೂ ತಕ್ಕಡಿಗೆ ಒಗ್ಗದ ಸರಕೊಂದು ಉಳಿದೇ ಇದೆ. ಹಲವು ಸಂತೆಗಳಲ್ಲಿ ಮಂಡಕ್ಕಿಯು ಈಗಲೂ ಸೇರಿನ ಲೆಕ್ಕದಲ್ಲಿಯೇ ಬಿಕರಿಯಾಗುತ್ತದೆ. ಮಾರುವವನು ಸೇರನ್ನು ಮಂಡಕ್ಕಿಯ ರಾಶಿಯೊಳಗೆ ನೂಕಿ, ತುಂಬಿ ಎತ್ತಿ, ನಿಲ್ಲುವಷ್ಟು ಶಿಖೆಯನ್ನು ಉಳಿಸಿಕೊಂಡೇ ಚೀಲಕ್ಕೆ ಸುರಿಯುತ್ತಾನೆ. ಕೊಂಡವಳು ಚೀಲವನ್ನು ಎತ್ತುವುದಕ್ಕೆ ಮೊದಲು ಮೇಲೊಂದು ಹಿಡಿ ಹಾಕಪ್ಪ ಎನ್ನುತ್ತಾಳೆ, ಅವನೂ ಹಾಕುತ್ತಾನೆ.